ಕಡಶೆಟ್ಟಿಹಳ್ಳಿಯ ಗದಿಗೆಯ್ಯ ಗದುಗಿನ ಗವಾಯಿಗಳಾದದ್ದು



ಜೂನ್ 11 ಗಾನಯೋಗಿ ಪಂಚಾಕ್ಷರ ಗವಾಯಿಗಳ ಪುಣ್ಯದಿನ. ಪ್ರತಿ ವರ್ಷ ಈ ಪುಟದಲ್ಲಿ ಅವರದೊಂದು ಫೋಟೊ ಹಾಕಿ, ಕೆಳಗೆ ನಾಲ್ಕು ಸಾಲು ಬರೆದು ಕೈ ತೊಳೆದುಕೊಳ್ಳುತ್ತಿದ್ದೆವು. ಈ ಸಲ ಹಾಗೆ ಮಾಡಲು ಮನಸ್ಸು ಒಪ್ಪಲಿಲ್ಲ. ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

ಕಳೆದ ರಾಜ್ಯೋತ್ಸವದ ಮಕ್ಕಳ ಗಾಯನ ಸ್ಪರ್ಧೆಗೆ ನಾವೇ ಒಂದು ನಿಯಮ ಮಾಡಿದ್ದೆವು. ಅರ್ಜಿಯನ್ನು ಸ್ಪರ್ಧಿಯೇ ಸ್ವಂತ ಕೈಯಿಂದ ಕನ್ನಡದಲ್ಲಿ ತುಂಬಬೇಕು ಎಂದು. ಗಡಿಯ ಈ ಬದಿಯಲ್ಲಿ ಮಕ್ಕಳು ಕನ್ನಡ ಮಾತಾಡುತ್ತಾರೆ, ಬರೆಯಲು ಮಾತ್ರ ತಡವರಿಸುತ್ತಾರೆ. ಈ ನೆಪದಲ್ಲಾದರೂ ನಾಲ್ಕಕ್ಷರ ಬರೆಯಲಿ ಎಂಬುದು ನಮ್ಮ ಆಸೆಯಾಗಿತ್ತು. ಆ ದಿನ ಕಲ್ಯಾಣದುರ್ಗದ ಕಡೆಯ ಒಬ್ಬ ತಂದೆ ಒಂಬತ್ತು ಹತ್ತು ವರ್ಷದ ಮಗಳನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದರು. ಹುಡುಗಿಗೆ ಕಣ್ಣು ಕಾಣುತ್ತಿರಲಿಲ್ಲ. ಫಾರಂ ನಾನು ತುಂಬಲೇ ಎಂದು ತಂದೆ ಕೇಳಿದರು. ಮೇಜಿನ ಹಿಂದೆ ಕೂತಿದ್ದವರು ನಾವು. ಇಡೀ ನೌಕರಿಯಲ್ಲಿ ಗುಮಾಸ್ತಿಕೆ ಮಾಡಿದ ಕೈ ಇದು. ನಿಯಮ ನಿಯಮವೇ ಎಂದು ಫಾರಂ ವಾಪಸು ಕೊಟ್ಟೆವು. ಅವರು ಜಗಳ ಮಾಡಲಿಲ್ಲ, ಮಧ್ಯಾಹ್ನದ ಊಟಕ್ಕೂ ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಆ ಹುಡುಗಿ ಒಂದು ವಚನವನ್ನು ಪೂರ್ತಿ ಹಾಡಿತೆಂದೂ, ಸುತ್ತಲಿದ್ದ ಜನ ಬಸ್ಸು ಬಂದರೂ ಏಳದೆ ಕೇಳಿದರೆಂದೂ ನಮ್ಮ ಸದಸ್ಯರೊಬ್ಬರು ಸಂಜೆ ಬಂದು ಹೇಳಿದರು. ಅಂದಿನಿಂದ ನಮಗೆ ಗವಾಯಿಗಳ ಫೋಟೊ ನೋಡಲು ಸ್ವಲ್ಪ ಸಂಕೋಚವೇ.

ಅದಕ್ಕೇ ಈ ಸಲ ಅವರ ಕಥೆಯನ್ನು ಮೊದಲಿನಿಂದ ಬರೆಯುತ್ತಿದ್ದೇವೆ. ನಿಮಗೆ ಗೊತ್ತಿರುವುದೇ ಇರಬಹುದು. ಆದರೂ ಓದಿ.

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನಲ್ಲಿ ಕಡಶೆಟ್ಟಿಹಳ್ಳಿ ಎಂಬ ಚಿಕ್ಕ ಊರು. ಆಗ ಅದು ಧಾರವಾಡ ಜಿಲ್ಲೆಗೆ, ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಗುರುಪಾದಯ್ಯ, ನೀಲಮ್ಮ ದಂಪತಿಗೆ 1892ರ ಫೆಬ್ರವರಿ 2ರಂದು ಹುಟ್ಟಿದ ಮಗುವಿಗೆ ಗದಿಗೆಯ್ಯ ಎಂದು ಹೆಸರಿಟ್ಟರು. ಹುಟ್ಟುಗುರುಡು. ಅಣ್ಣತಮ್ಮಂದಿರಲ್ಲಿ ಇನ್ನೊಬ್ಬ ಗುರುಬಸಯ್ಯನಿಗೂ ಕಣ್ಣಿಲ್ಲ. ಬಡ ಅಯ್ಯನವರ ಮನೆ, ಕಣ್ಣಿಲ್ಲದ ಎರಡು ಗಂಡುಮಕ್ಕಳು. ಊರಿನವರು ಅಯ್ಯೋ ಪಾಪ ಎಂದಿರುತ್ತಾರೆ, ಹಿಂದಿನ ಜನ್ಮದ ಕರ್ಮ ಎಂದೂ ಅಂದಿರುತ್ತಾರೆ. ಈಗಲೂ ನಮ್ಮ ಊರುಗಳಲ್ಲಿ ಆಡುವ ಮಾತು ಅದೇ ತಾನೆ?

ಆ ಕಾಲದಲ್ಲಿ ಇಂಥ ಮಕ್ಕಳಿಗೆ ಏನಿತ್ತು ಎಂಬುದನ್ನು ಸ್ವಲ್ಪ ನೋಡಬೇಕು. ಫ್ರಾನ್ಸಿನ ಲೂಯಿ ಬ್ರೈಲ್ ಎಂಬ ಹುಡುಗ ಮೂರನೆಯ ವಯಸ್ಸಿನಲ್ಲಿ ಅಪ್ಪನ ಚರ್ಮದ ಕೆಲಸದ ಉಳಿ ತಗುಲಿ ಗಾಯವಾಗಿ ದೃಷ್ಟಿ ಕಳೆದುಕೊಂಡವನು. ಹದಿನೈದು ವರ್ಷದವನಿದ್ದಾಗ, 1824ರ ಹೊತ್ತಿಗೆ, ಆರು ಚುಕ್ಕಿಗಳ ಲಿಪಿ ಸಿದ್ಧಪಡಿಸಿದ. ಆದರೆ ಆ ಚುಕ್ಕಿಗಳು ನಮ್ಮ ಹಳ್ಳಿಗಳ ದಾರಿ ಹಿಡಿಯಲು ನೂರು ವರ್ಷದ ಮೇಲಾಯಿತು. ನಮ್ಮ ದೇಶದ ಮೊದಲ ಅಂಧರ ಶಾಲೆ 1887ರಲ್ಲಿ ಅಮೃತಸರದಲ್ಲಿ ಶುರುವಾಯಿತು. ಮೈಸೂರಿನಲ್ಲಿ ಅಂಧ ಹಾಗೂ ಕಿವುಡ ಮಕ್ಕಳ ಶಾಲೆ ಬಂದದ್ದು 1901ರಲ್ಲಿ. ಭಾರತದ ಭಾಷೆಗಳಿಗೆಲ್ಲ ಒಂದೇ ಬಗೆಯ ಭಾರತಿ ಬ್ರೈಲ್ ಒಪ್ಪಿತವಾದದ್ದು 1951ರಲ್ಲಿ. ಅಂದರೆ ಗದಿಗೆಯ್ಯ ಹುಡುಗನಾಗಿದ್ದಾಗ ಹಾನಗಲ್ಲಿನ ಸೀಮೆಯಲ್ಲಿ ಕಣ್ಣಿಲ್ಲದ ಮಗುವಿನ ಪಾಲಿಗೆ ಪಾಟಿಯೂ ಇಲ್ಲ, ಬಳಪವೂ ಇಲ್ಲ. ಇದ್ದದ್ದು ಕಿವಿ ಮತ್ತು ಕಂಠ.

ಆ ಕಂಠವನ್ನು ಗುರುತಿಸಿದವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು. ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನೂ ಕಟ್ಟಿದ ದೊಡ್ಡವರು ಅವರು. ಹುಡುಗರಿಬ್ಬರ ಹಾಡು ಕೇಳಿ, ಇವರನ್ನು ನನಗೆ ಕೊಡಿ ಎಂದು ಹೆತ್ತವರಿಂದ ಕೇಳಿ ಪಡೆದರು. ನಮ್ಮಂಥ ಸಂಘ ಸಂಸ್ಥೆಗಳವರು ಇಲ್ಲೊಂದು ವಿಷಯ ಗಮನಿಸಬೇಕು. ಸ್ವಾಮಿಗಳು ಆ ಮಕ್ಕಳಿಗೆ ಅನ್ನ ಬಟ್ಟೆ ಕೊಟ್ಟು ಮಠದ ಮೂಲೆಯಲ್ಲಿ ಕೂಡಿಸಬಹುದಿತ್ತು, ಅದೂ ಪುಣ್ಯದ ಕೆಲಸವೇ ಆಗುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಗುರುಗಳನ್ನು ಹುಡುಕಿ, ಖರ್ಚು ಹಾಕಿ, ವಿದ್ಯೆ ಕೊಡಿಸಿದರು.

ಗದಿಗೆಯ್ಯನವರು ಮೈಸೂರಿನಲ್ಲಿ ಕೆಲವು ವರ್ಷ ಇದ್ದು ಕರ್ನಾಟಕ ಸಂಗೀತ ಕಲಿತರು. ಬಳಿಕ ಮಿರಜಿನ ಪರಂಪರೆಯ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಇದೇ ನೀಲಕಂಠಬುವಾ ಅವರೇ ಮಲ್ಲಿಕಾರ್ಜುನ ಮನ್ಸೂರರಿಗೂ ಗುರುಗಳು. ಎರಡೂ ಪದ್ಧತಿಗಳಲ್ಲಿ ಕಚೇರಿ ಮಾಡುವಷ್ಟು ಹಿಡಿತ ಬಂದದ್ದರಿಂದ ಅವರನ್ನು ಉಭಯ ಗಾಯನಾಚಾರ್ಯರೆಂದು ಕರೆದರು. ಪಂಚಾಕ್ಷರಿ ಎಂಬ ಹೆಸರು ಗುರುಗಳು ಕೊಟ್ಟದ್ದು. ಹಾಡುಗಾರಿಕೆಯ ಜೊತೆಗೆ ತಬಲಾ, ಹಾರ್ಮೋನಿಯಂ ಕೂಡ ಅವರ ಕೈಗೆ ಒಗ್ಗಿದ್ದವು.

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ರಾಜರ ಆಸ್ಥಾನಗಳಿಗೆ ಅಲೆದು ಶಾಲು, ಖಡೆ ಸಂಪಾದಿಸಿಕೊಂಡು ನೆಮ್ಮದಿಯಾಗಿರುತ್ತಿದ್ದರು. ಗವಾಯಿಗಳು ಮದುವೆಯಾಗಲಿಲ್ಲ, ಮನೆ ಮಾಡಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ, ಕೈಕಾಲಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಸಂಗೀತ ಪಾಠಶಾಲೆ ನಡೆಸತೊಡಗಿದರು. ಕುಮಾರ ಸ್ವಾಮಿಗಳ ಅಪ್ಪಣೆಯೂ ಅದೇ ಆಗಿತ್ತು.

ಆ ಶಾಲೆಗೆ ಕಟ್ಟಡವಿರಲಿಲ್ಲ. ಅದು ಸಂಚಾರಿ ಪಾಠಶಾಲೆ. ಇಂದು ಒಂದು ಊರು, ಕೆಲವು ತಿಂಗಳ ನಂತರ ಇನ್ನೊಂದು. ಮಠದ ಕೈಸಾಲೆ, ಗುಡಿಯ ಪಡಸಾಲೆ, ಯಾರೋ ಪುಣ್ಯಾತ್ಮರ ಅಂಗಡಿಯ ಅಟ್ಟ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ತಂಬೂರಿ ಶ್ರುತಿ ಮಾಡಿ ಕೂರುವುದು. ಮುಂದೆ ಕಾಣುವವನೊಬ್ಬ, ಅವನ ಹೆಗಲ ಮೇಲೆ ಕೈಯಿಟ್ಟು ಕಾಣದವನೊಬ್ಬ, ಅವನ ಹಿಂದೆ ಇನ್ನೊಬ್ಬ, ಹೀಗೆ ಸಾಲು ಹಿಡಿದು ಮಕ್ಕಳು ಊರಿಂದೂರಿಗೆ ಹೋಗುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಗವಾಯಿಗಳು ಸ್ವತಃ ಆ ಸಾಲಿನಲ್ಲೊಬ್ಬರು. ಹೊಟ್ಟೆಪಾಡಿಗೆ ಊರಿನವರು ಕೊಟ್ಟ ಜೋಳ, ರೊಟ್ಟಿ, ಕಾಳುಕಡ್ಡಿ. ಕೀರ್ತನೆ ಪುರಾಣಗಳಿಂದ ಬಂದ ದಕ್ಷಿಣೆ. 1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದ ಮೇಲಂತೂ ಇಡೀ ಭಾರ ಇವರ ಹೆಗಲಿಗೇ ಬಿತ್ತು.

ಆಗ ಅವರು ಒಂದು ನಾಟಕ ಕಂಪನಿಯನ್ನೂ ಕಟ್ಟಿಸಿದರು, ಗುರು ಕುಮಾರೇಶ್ವರರ ಹೆಸರಿನಲ್ಲಿ. ಕಂಪನಿ ನಾಟಕವೆಂದರೆ ಆಗಿನ ಮಡಿವಂತರಿಗೆ ಮೂಗು ಮುರಿಯುವ ವಿಷಯ. ಮಠದ ಅಯ್ಯನವರು ನಾಟಕದ ಮಂದಿಯ ಜೊತೆ ಸೇರುವುದೆಂದರೇನು ಎಂಬ ಮಾತೂ ಬಂದಿರಬೇಕು. ಆದರೆ ನಾಟಕದ ಗಲ್ಲಾಪೆಟ್ಟಿಗೆಯಿಂದ ಮಕ್ಕಳ ಊಟ ನಡೆಯಿತು. ಅದಕ್ಕಿಂತ ಮುಖ್ಯ ಸಂಗತಿಯೆಂದರೆ, ಕಲಿತ ಹುಡುಗನಿಗೆ ಅಲ್ಲೇ ಕೆಲಸ ಸಿಕ್ಕಿತು. ಕಣ್ಣಿಲ್ಲದವನು ಹಾರ್ಮೋನಿಯಂ ನುಡಿಸಬಹುದು, ತಬಲಾ ಬಾರಿಸಬಹುದು, ನಟನಿಗೆ ರಂಗಗೀತೆ ಹೇಳಿಕೊಡಬಹುದು. ಕಲಿಸಿ ಕೈಬಿಡಲಿಲ್ಲ ಗವಾಯಿಗಳು, ದುಡಿದು ತಿನ್ನುವ ದಾರಿಯನ್ನೂ ತೋರಿಸಿದರು. ಇದನ್ನು ನಾವು ವಿಶೇಷವಾಗಿ ಎತ್ತಿ ಹೇಳುತ್ತೇವೆ. ಏಕೆಂದರೆ ಇಂದಿಗೂ ತರಬೇತಿ ಮುಗಿಸಿ ಸರ್ಟಿಫಿಕೇಟು ಹಿಡಿದು ಮನೆಯಲ್ಲಿ ಕೂತಿರುವ ಅಂಗವಿಕಲ ಯುವಕರು ನಮ್ಮ ಹಿಂದೂಪುರದಲ್ಲೇ ಬೇಕಾದಷ್ಟಿದ್ದಾರೆ.

ಪಾಠದ ಕ್ರಮವೇನು? ಗುರು ಹಾಡಬೇಕು, ಶಿಷ್ಯ ತಿರುಗಿ ಹಾಡಬೇಕು. ತಬಲಾದ ಬೋಲುಗಳನ್ನು ಮೊದಲು ಬಾಯಿಂದ, ಆಮೇಲೆ ಬೆರಳಿಂದ. ಪೇಟಿಯ ಮನೆಗಳ ಮೇಲೆ ಹುಡುಗನ ಬೆರಳನ್ನು ಹಿಡಿದು ಇಡಬೇಕು, ಸಾವಿರ ಸಲ ಇಟ್ಟ ಮೇಲೆ ಬೆರಳು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಬರೆದುಕೊಳ್ಳುವ ಪ್ರಶ್ನೆಯಿಲ್ಲವಾದ್ದರಿಂದ ಮರೆಯುವಂತಿಲ್ಲ. ಕಣ್ಣಿದ್ದ ಮಕ್ಕಳೂ ಅದೇ ಶಾಲೆಯಲ್ಲಿದ್ದರು, ಅದೇ ಚಾಪೆಯ ಮೇಲೆ ಕೂತು ಅದೇ ಪಾಠ ಕಲಿತರು. ಜಾತಿ ಕೇಳಿ ಸೇರಿಸಿಕೊಂಡದ್ದಲ್ಲ. ಸಮನ್ವಯ ಶಿಕ್ಷಣ ಎಂದು ಈಗ ಇಲಾಖೆಯ ಸುತ್ತೋಲೆಗಳಲ್ಲಿ ದೊಡ್ಡ ಹೆಸರಿಟ್ಟು ಬರೆಯುವುದನ್ನು ಅವರು ಹೆಸರಿಲ್ಲದೆಯೇ ಮಾಡಿದ್ದರು.

ಅವರ ಬಾಳಿನಲ್ಲಿ ನಮಗೆ ಬಹಳ ಹಿಡಿಸಿದ ಒಂದು ಪ್ರಸಂಗವಿದೆ, ಅದು ನಮ್ಮ ಸೀಮೆಗೂ ಸಂಬಂಧಿಸಿದ್ದು. ವಿಜಯನಗರ ಸಾಮ್ರಾಜ್ಯದ ಸ್ಥಾಪನೆ 1336. ಅದರ ಆರುನೂರು ವರ್ಷದ ಉತ್ಸವವನ್ನು 1936ರಲ್ಲಿ ಹಂಪಿಯಲ್ಲಿ ಆಚರಿಸಿದರು. ಆಗ ಬಳ್ಳಾರಿಯೂ ನಮ್ಮ ಅನಂತಪುರವೂ ಒಂದೇ ಮದರಾಸು ಪ್ರಾಂತದಲ್ಲಿದ್ದವು. ಹಂಪಿ ಹಾಳಾದ ಮೇಲೆ ರಾಜಧಾನಿ ಬಂದದ್ದು ನಮ್ಮ ಪಕ್ಕದ ಪೆನುಕೊಂಡೆಗೇ ಎಂಬುದು ನಿಮಗೆ ಗೊತ್ತಿದೆ. ಆ ಉತ್ಸವದಲ್ಲಿ ಹಾಡಲು ಗವಾಯಿಗಳು ತಮ್ಮ ಶಿಷ್ಯ ಬಸವರಾಜನನ್ನು ಕೂರಿಸಿದರು. ಧಾರವಾಡ ಸೀಮೆಯ ಯಲಿವಾಳದ ಹುಡುಗ, ಹದಿಮೂರನೆಯ ವಯಸ್ಸಿಗೆ ಅವರ ಬಳಿ ಬಂದವನು. ಇನ್ನೂ ಎಳೆಯ ಪ್ರಾಯ, ಅಷ್ಟು ದೊಡ್ಡ ಸಭೆ ಅದೇ ಮೊದಲು. ಗುರುಗಳು ಮುಂದಿನ ಸಾಲಿನಲ್ಲಿ ಕೂತು ತಲೆದೂಗಬಹುದಿತ್ತು, ಅಥವಾ ಹುಡುಗನ ಮೊದಲು ತಾವೇ ಹಾಡಿ ಸಭೆಯನ್ನು ಗೆದ್ದುಕೊಳ್ಳಬಹುದಿತ್ತು. ಅವರು ಮಾಡಿದ್ದೇ ಬೇರೆ. ಶಿಷ್ಯನ ಪಕ್ಕದಲ್ಲಿ ತಬಲಾ ಎಳೆದುಕೊಂಡು ಸಾಥಿಗೆ ಕೂತರು. ತಬಲಾ ಸಾಥಿ ಎಂದರೆ ಹಾಡುವವನ ನಡೆಯನ್ನು ಅನುಸರಿಸುವುದು, ಅವನು ಎಡವಿದರೆ ತಾಳದಲ್ಲಿ ಹಿಡಿದುಕೊಳ್ಳುವುದು. ಎಷ್ಟು ಗುರುಗಳಿಗೆ ಈ ಮನಸ್ಸು ಬಂದೀತು? ಆ ಹುಡುಗನೇ ಮುಂದೆ ಪಂಡಿತ ಬಸವರಾಜ ರಾಜಗುರು. 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಅವರೂ ಇದೇ ಗರಡಿಯವರು, ವಚನ ಹಾಡಿ ಮನೆಮಾತಾದವರು.

ಇನ್ನು ಪುಟ್ಟರಾಜರು. 1914ರ ಮಾರ್ಚ್ 3ರಂದು ಹಾನಗಲ್ಲ ತಾಲೂಕಿನಲ್ಲೇ ಹುಟ್ಟಿದವರು, ಎಳವೆಯಲ್ಲೇ ಕಣ್ಣು ಹೋದದ್ದು. ಸೋದರಮಾವನ ಹಾರ್ಮೋನಿಯಂ ಮೇಲೆ ಮಗು ಬೆರಳಾಡಿಸುವುದನ್ನು ಕಂಡು ಮಾವನೇ ಗವಾಯಿಗಳಲ್ಲಿಗೆ ತಂದು ಬಿಟ್ಟರು. ಕಣ್ಣಿಲ್ಲದ ಗುರುವಿನಿಂದ ಕಣ್ಣಿಲ್ಲದ ಶಿಷ್ಯ ಸಂಗೀತದ ಜೊತೆಗೆ ಸಾಹಿತ್ಯವನ್ನೂ, ಒಂದು ವಾದ್ಯದ ಬದಲು ಹಲವು ವಾದ್ಯಗಳನ್ನೂ ಕಲಿತ. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಗ್ರಂಥ ಬರೆದ. ಏಕವಚನದಲ್ಲಿ ಬರೆದದ್ದಕ್ಕೆ ಹಿರಿಯರು ಕ್ಷಮಿಸಬೇಕು, ಇಲ್ಲಿ ನಾವು ಹೇಳುತ್ತಿರುವುದು ಆ ಹುಡುಗನ ಮಾತು.

ಸುತ್ತಿ ಸುತ್ತಿ ಕೊನೆಗೆ ಶಾಲೆ ನೆಲೆ ನಿಂತದ್ದು ಗದುಗಿನಲ್ಲಿ. ಬಸರಿಗಿಡದ ವೀರಪ್ಪನವರು ಎಂಬ ದಾನಿಗಳು ಜಾಗ ಕೊಟ್ಟರು. ಅದೇ ವೀರೇಶ್ವರ ಪುಣ್ಯಾಶ್ರಮ. ಆದರೆ ಸ್ವಂತ ಸೂರಿನ ಕೆಳಗೆ ಗವಾಯಿಗಳು ಬಹಳ ಕಾಲ ಬಾಳಲಿಲ್ಲ. 1944ರ ಜೂನ್ 11ರಂದು ತೀರಿಕೊಂಡರು. ಆಗ ಅವರಿಗೆ ಐವತ್ತೆರಡು ವರ್ಷ. ಅವರ ಗದ್ದುಗೆ ಆಶ್ರಮದಲ್ಲೇ ಇದೆ. ಬಿಟ್ಟುಹೋದ ಆಸ್ತಿಯೆಂದರೆ ಒಂದಷ್ಟು ವಾದ್ಯ, ಒಂದಷ್ಟು ಮಕ್ಕಳು, ಮೂವತ್ತು ವರ್ಷದ ಪುಟ್ಟರಾಜರು.

ಹೊಣೆ ಹೊತ್ತ ಪುಟ್ಟರಾಜರು ಅದನ್ನು ಅರವತ್ತಾರು ವರ್ಷ ನಡೆಸಿದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ಅವರೂ ಲಿಂಗೈಕ್ಯರಾದರು. ಊರೂರಲ್ಲಿ ಭಕ್ತರು ಅವರಿಗೆ ತುಲಾಭಾರ ಮಾಡಿ, ತೂಗಿದ ನಾಣ್ಯವೆಲ್ಲ ಆಶ್ರಮದ ಅಡುಗೆಮನೆಗೆ ಹೋಗುತ್ತಿದ್ದುದನ್ನು ಕಂಡವರು ನಮ್ಮ ಸದಸ್ಯರಲ್ಲೂ ಇದ್ದಾರೆ. ಭಗವದ್ಗೀತೆಯನ್ನು ಅವರು ಬ್ರೈಲ್ ಲಿಪಿಗೆ ತಂದರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದ ವೆಂಕಟೇಶಕುಮಾರ್ ಅವರನ್ನು ಹನ್ನೆರಡನೆಯ ವಯಸ್ಸಿಗೆ ತೊಗಲುಬೊಂಬೆಯ ಕಲಾವಿದರಾದ ಬೆಳಗಲ್ಲು ವೀರಣ್ಣನವರು ಕರೆದೊಯ್ದು ಬಿಟ್ಟದ್ದು ಈ ಆಶ್ರಮಕ್ಕೇ. ವೀರಣ್ಣನವರು ಅವರ ಸೋದರಮಾವ. ಸೋದರಮಾವಂದಿರ ಪಾತ್ರ ಈ ಕಥೆಯಲ್ಲಿ ದೊಡ್ಡದು, ನೋಡಿ.

ತೆಲುಗು ನಾಡಿನಲ್ಲಿ ಗವಾಯಿಗಳ ಹೆಸರು ಹೇಳಿದರೆ ಯಾರಿಗೆ ಗೊತ್ತು ಎಂದು ನಮ್ಮವರೇ ಕೆಲವರು ಕೇಳುವುದುಂಟು. ಅವರ ಬದುಕನ್ನು ಕುರಿತ ಕನ್ನಡ ಚಿತ್ರ 1995ರಲ್ಲಿ ಬಂತು, ಸಂಗೀತ ಹಂಸಲೇಖ ಅವರದು. ಅದರಲ್ಲಿನ ಒಂದು ಹಾಡಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದವರು ನೆಲ್ಲೂರಿನ ತೆಲುಗು ಮನೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಸಂಗೀತಕ್ಕೂ ಅದೇ ಸಲ ರಾಷ್ಟ್ರಪ್ರಶಸ್ತಿ ಬಂತು. ಪಕ್ಕದ ಮನೆಯ ತೆಲುಗು ಮಿತ್ರರಿಗೆ ಗವಾಯಿಗಳ ಪರಿಚಯ ಮಾಡಿಸಬೇಕೆಂದರೆ ಆ ಹಾಡಿನಿಂದ ಶುರು ಮಾಡಿ. ನಾವು ಹಾಗೇ ಮಾಡುವುದು.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ಗವಾಯಿಗಳ ಕಾಲದಲ್ಲಿ ಇಲ್ಲದ್ದು ಈಗ ಬಹಳ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ. ನಿಗದಿತ ಪ್ರಮಾಣದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಅದರ 31ನೆಯ ಕಲಮಿನಲ್ಲಿದೆ. ಪರೀಕ್ಷೆ ಬರೆಯಲು ಸಹಾಯಕರು, ಹೆಚ್ಚಿನ ಸಮಯ 17ನೆಯ ಕಲಮಿನಲ್ಲಿದೆ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ 5ಕ್ಕೆ ಕಡಿಮೆಯಿಲ್ಲದಂತೆ ಸೀಟುಗಳಿವೆ. ನಮ್ಮ ರಾಜ್ಯದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಭವಿತ ಕೇಂದ್ರಗಳಿವೆ. ಅನಂತಪುರದ ಆರ್‌ಡಿಟಿ ಸಂಸ್ಥೆಯವರು ಕಾಣದ, ಕೇಳದ ಮಕ್ಕಳಿಗಾಗಿ ಶಾಲೆ ನಡೆಸುತ್ತಾರೆ. ಗುಮಾಸ್ತರಾಗಿದ್ದವರು ನಾವು, ಕಲಮು ಸಂಖ್ಯೆ ನೆನಪಿಟ್ಟುಕೊಳ್ಳುವುದು ಅಭ್ಯಾಸ. ಆದರೆ ಸದರಂ ಸರ್ಟಿಫಿಕೇಟಿನ ಓಡಾಟದಲ್ಲೇ ಸೋತು, ಇನ್ನು ಶಾಲೆ ಬೇರೆ ಯಾಕೆ ಎಂದು ಮಗುವನ್ನು ಮನೆಯಲ್ಲೇ ಉಳಿಸಿಕೊಂಡ ಹೆತ್ತವರನ್ನು ನಾವು ಕಂಡಿದ್ದೇವೆ. ಪಿಂಚಣಿ ಬರುತ್ತದಲ್ಲ, ಸಾಕು ಎನ್ನುತ್ತಾರೆ. ಕೋಪ ಬರುತ್ತದೆ, ಆದರೆ ಕೋಪ ಮಾಡುವ ಅಧಿಕಾರ ನಮಗೆಲ್ಲಿದೆ? ಬಸ್ಸಿನಲ್ಲಿ ಅಷ್ಟು ದೂರ ಮಗಳನ್ನು ಕರೆತಂದ ಒಬ್ಬ ತಂದೆಯನ್ನು ಒಂದು ಹಾಳೆ ಕಾಗದಕ್ಕಾಗಿ ವಾಪಸು ಕಳಿಸಿದವರು ನಾವು.

ಕುಮಾರ ಸ್ವಾಮಿಗಳು ಗದಿಗೆಯ್ಯನ ಕೈಗೆ ಫಾರಂ ಕೊಡಲಿಲ್ಲ. ಹಾಡು ಕೇಳಿದರು, ಅಷ್ಟೇ.

ಕಳೆದ ತಿಂಗಳ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯ ಇಟ್ಟೆವು. ಸ್ವಂತ ಕೈಬರಹದ ನಿಯಮವನ್ನು ತೆಗೆದುಹಾಕಲಾಗಿದೆ. ಸಭೆಯಲ್ಲಿ ಇಬ್ಬರು ವಿರೋಧಿಸಿದರು, ಮಕ್ಕಳಿಗೆ ಬರೆಯುವ ಅಭ್ಯಾಸ ತಪ್ಪುತ್ತದೆ ಎಂದು. ಅವರ ಕಾಳಜಿ ಸುಳ್ಳಲ್ಲ. ಅದಕ್ಕೆ ಬೇರೆಯಾಗಿ ಕೈಬರಹದ ಸ್ಪರ್ಧೆ ಇಡೋಣವೆಂದು ತೀರ್ಮಾನವಾಯಿತು. ಗಾಯನಕ್ಕೆ ಹೆಸರು ಬಾಯಲ್ಲಿ ಹೇಳಿದರೆ ಸಾಕು, ನಾವೇ ಬರೆದುಕೊಳ್ಳುತ್ತೇವೆ. ಗೆದ್ದ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನಕ್ಕೂ ಅಂಕಪಟ್ಟಿ ಕಡ್ಡಾಯವಲ್ಲ.

ಜೂನ್ 11ರ ಸಂಜೆ ಹಿಂದೂಪುರದಲ್ಲಿಯೂ, ಅದರ ಮುಂದಿನ ಭಾನುವಾರ ಬೆಳಿಗ್ಗೆ ಕಲ್ಯಾಣದುರ್ಗದಲ್ಲಿಯೂ ಗವಾಯಿಗಳ ಸ್ಮರಣೆಗೆ ಸದಸ್ಯರು ಸೇರುತ್ತೇವೆ. ಭಾಷಣ ಕಡಿಮೆ, ಹಾಡು ಹೆಚ್ಚು. ಆಶ್ರಮ ನೋಡಬೇಕೆನ್ನುವವರು ಹಿಂದೂಪುರದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂತಕಲ್ಲು, ಬಳ್ಳಾರಿ ದಾಟಿ ನೇರ ಗದುಗಿಗೆ ಇಳಿಯಬಹುದು. ಹತ್ತು ಜನ ಕೂಡಿದರೆ ಒಟ್ಟಿಗೆ ಹೋಗುವ ಏರ್ಪಾಡು ಮಾಡುತ್ತೇವೆ.

ಕೊನೆಯದಾಗಿ ಕಲ್ಯಾಣದುರ್ಗ, ರಾಯದುರ್ಗ, ಕಂಬದೂರು ಕಡೆಯ ಸದಸ್ಯರಲ್ಲಿ ಒಂದು ವಿನಂತಿ. ಆ ದಿನ ಫಾರಂ ತೆಗೆದುಕೊಳ್ಳಲಿಲ್ಲವಾದ್ದರಿಂದ ಆ ತಂದೆ ಮಗಳ ಹೆಸರಾಗಲಿ, ಊರಾಗಲಿ, ಫೋನ್ ನಂಬರಾಗಲಿ ನಮ್ಮ ರಿಜಿಸ್ಟರಿನಲ್ಲಿಲ್ಲ. ಹುಡುಗಿ ಹಸಿರು ಲಂಗ ಉಟ್ಟಿದ್ದಳು, ತಂದೆಯ ಹೆಗಲಲ್ಲಿ ಕೆಂಪು ವಲ್ಲಿ ಇತ್ತು. ಅಷ್ಟೇ ನಮಗೆ ನೆನಪಿರುವುದು. ನಿಮ್ಮ ಊರಿನವರೋ ಪಕ್ಕದ ಊರಿನವರೋ ಆಗಿದ್ದರೆ ಈ ಬರಹವನ್ನು ಅವರಿಗೆ ಓದಿ ಹೇಳಿ, ಕಾರ್ಯದರ್ಶಿಗಳು ಹುಡುಕುತ್ತಿದ್ದಾರೆಂದು ತಿಳಿಸಿ. ಬಸ್ ಚಾರ್ಜು ಸಂಘದ್ದು. ಬರಲಾಗದಿದ್ದರೆ ಊರು ಯಾವುದೆಂದಷ್ಟೇ ತಿಳಿಸಿ, ನಾವೇ ಅಲ್ಲಿಗೆ ಬಂದು ಕೇಳುತ್ತೇವೆ.

ಕಾರ್ಯದರ್ಶಿ